ಎರಡು ಹಬ್ ಮೋಟಾರುಗಳ ವಿದ್ಯುತ್ ಸೈಕಲ್

ಎರಡು ಹಬ್ ಮೋಟಾರುಗಳ ವಿದ್ಯುತ್ ಸೈಕಲ್ ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳೆರಡರ ಹಬ್‌ನಲ್ಲಿಯೂ, ಅಂದರೆ ಕಡ್ಡಿಗಳು ಬಂದು ಸೇರುವ ನಡುಭಾಗದಲ್ಲಿಯೂ, ಒಂದೊಂದು ವಿದ್ಯುತ್ ಮೋಟಾರನ್ನು ಹೊಂದಿರುವ ಸೈಕಲ್ಲು. ಸಾಮಾನ್ಯ ಸೈಕಲ್ಲಿನಲ್ಲಿ ಹಿಂದಿನ ಚಕ್ರವೊಂದೇ ಬಂಡಿಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನದು ದಾರಿ ತೋರಿಸುತ್ತ ಉರುಳುತ್ತದೆ. ಈ ಬಗೆಯ ಸೈಕಲ್ಲಿನಲ್ಲಿ ಎರಡು ಚಕ್ರಗಳೂ ದುಡಿಯುತ್ತವೆ. ಆದ್ದರಿಂದ ಇದನ್ನು ಉಭಯಚಕ್ರ ಚಾಲನೆಯ ಸೈಕಲ್ಲೆಂದೂ ಕರೆಯುತ್ತಾರೆ. ಮರಳು, ಕೆಸರು, ಸಡಿಲ ಜಲ್ಲಿ ಮತ್ತು ಕಡಿದಾದ ಏರುಗಳಲ್ಲಿ ನೆಲದ ಹಿಡಿತವನ್ನು ಹೆಚ್ಚಿಸಿಕೊಳ್ಳುವುದು ಹಾಗೂ ಮೋಟಾರಿನ ಬಿಸಿಯನ್ನು ಹಂಚುವುದು ಇದರ ಮುಖ್ಯ ಉದ್ದೇಶ. ಎರಡು ಮೋಟಾರುಗಳಿದ್ದರೆ ವೇಗ ಎರಡು ಪಟ್ಟಾಗುತ್ತದೆ, ಒಂದು ಚಾರ್ಜಿಗೆ ಕ್ರಮಿಸುವ ದೂರ ಹೆಚ್ಚುತ್ತದೆ ಎಂಬ ಭಾವನೆ ವ್ಯಾಪಕವಾಗಿದ್ದರೂ ಅದು ತಪ್ಪು.

ಇತಿಹಾಸ

ಹಬ್ ಮೋಟಾರಿನ ಕಲ್ಪನೆ ವಿದ್ಯುತ್ ಸೈಕಲ್ಲಿನಷ್ಟೇ ಹಳೆಯದು. 1895ರಲ್ಲಿ ಅಮೆರಿಕದ ಆಗ್ಡೆನ್ ಬೋಲ್ಟನ್ ಜೂನಿಯರ್ ಹಿಂದಿನ ಚಕ್ರದ ಹಬ್‌ನಲ್ಲಿಯೇ ನೇರವಿದ್ಯುತ್ ಮೋಟಾರನ್ನು ಅಳವಡಿಸಿದ ಸೈಕಲ್ಲಿಗೆ ಹಕ್ಕುಸ್ವಾಮ್ಯ ಪಡೆದನು. 1897ರಲ್ಲಿ ಅಮೆರಿಕದವನೇ ಆದ ಹೋಸಿಯಾ ಲಿಬ್ಬಿ ಪೆಡಲ್ಲಿನ ಅಕ್ಷದ ಬಳಿ ಜೋಡಿ ಮೋಟಾರನ್ನಿಟ್ಟ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಪಡೆದನು. ಆದರೆ ಅಂದಿನ ಸೀಸ-ಆಮ್ಲ ಬ್ಯಾಟರಿಗಳ ಭಾರದಿಂದಾಗಿ ಇವು ಬಳಕೆಗೆ ಬರಲಿಲ್ಲ. 1980ರ ದಶಕದಲ್ಲಿ ನಿಯೋಡಿಮಿಯಮ್ ಅಯಸ್ಕಾಂತಗಳು ಬಂದ ಮೇಲೆ ಮೋಟಾರುಗಳು ಹಗುರವಾದವು. 1991ರಲ್ಲಿ ಲಿಥಿಯಮ್-ಅಯಾನ್ ಬ್ಯಾಟರಿಗಳು ಮಾರುಕಟ್ಟೆಗೆ ಬಂದವು. ಪೆಡಲ್ ತುಳಿದಂತೆಲ್ಲ ನೆರವು ನೀಡುವ ಸೈಕಲ್ಲನ್ನು ಜಪಾನಿನ ಯಮಾಹಾ ಸಂಸ್ಥೆ 1993ರಲ್ಲಿ ಮಾರಾಟಕ್ಕೆ ತಂದಿತು.

ಎರಡು ಚಕ್ರಗಳಿಗೂ ಶಕ್ತಿ ನೀಡುವ ದ್ವಿಚಕ್ರ ವಾಹನಗಳಲ್ಲಿ ಅಮೆರಿಕದ ರೋಕಾನ್ ಮೋಟಾರ್‌ಸೈಕಲ್ಲು ಪ್ರಸಿದ್ಧವಾದುದು. ಅದರಲ್ಲಿ ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೆ ಒಯ್ಯಲು ಚೈನು ಮತ್ತು ಗೇರುಗಳ ಜಟಿಲ ವ್ಯವಸ್ಥೆ ಬೇಕಾಯಿತು. ಹಬ್ ಮೋಟಾರು ಈ ತೊಡಕನ್ನು ನಿವಾರಿಸಿತು. ಮುಂದಿನ ಚಕ್ರಕ್ಕೆ ಶಕ್ತಿಯನ್ನು ಒಯ್ಯಲು ಒಂದು ವೈರಿನ ಕಟ್ಟು ಸಾಕು.

ಹಬ್ ಮೋಟಾರಿನ ಬಗೆಗಳು

ಹಬ್ ಮೋಟಾರಿನಲ್ಲಿ ನಡುವಿನ ಆಕ್ಸಲ್ ತಿರುಗುವುದಿಲ್ಲ. ಅದರ ಸುತ್ತಲಿನ ಕವಚ ತಿರುಗುತ್ತದೆ. ಕಡ್ಡಿಗಳನ್ನು ಆ ಕವಚಕ್ಕೇ ಹೆಣೆಯಲಾಗುತ್ತದೆ. ಇದರಲ್ಲಿ ಎರಡು ಬಗೆಗಳಿವೆ.

ನೇರ ಚಾಲನೆಯ ಮೋಟಾರಿನಲ್ಲಿ ಗೇರುಗಳಿಲ್ಲ. ಅಯಸ್ಕಾಂತಗಳಿರುವ ಹೊರಕವಚವೇ ಚಕ್ರದ ವೇಗದಲ್ಲಿ ತಿರುಗುತ್ತದೆ. ಸವೆಯುವ ಭಾಗಗಳು ಕಡಿಮೆ, ಸದ್ದಿಲ್ಲ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸಲೂ ಸಾಧ್ಯ. ಆದರೆ ತೂಕ ಹೆಚ್ಚು. ವಿದ್ಯುತ್ ಇಲ್ಲದಾಗ ತುಳಿದರೆ ಅಯಸ್ಕಾಂತದ ಎಳೆತದಿಂದ ಸೈಕಲ್ಲು ಭಾರವೆನಿಸುತ್ತದೆ. ನಿಧಾನಗತಿಯ ಏರಿನಲ್ಲಿ ದಕ್ಷತೆ ಬಹಳ ಕುಸಿಯುತ್ತದೆ.

ಗೇರುಳ್ಳ ಹಬ್ ಮೋಟಾರಿನಲ್ಲಿ ಒಳಗಿನ ಚಿಕ್ಕ ಮೋಟಾರು ವೇಗವಾಗಿ ತಿರುಗಿ, ಗ್ರಹಮಾಲೆಯಂತೆ ಜೋಡಿಸಿದ ಹಲ್ಲುಚಕ್ರಗಳ ಮೂಲಕ ಕವಚವನ್ನು ನಿಧಾನವಾಗಿ, ಆದರೆ ಹೆಚ್ಚಿನ ಬಲದಿಂದ ತಿರುಗಿಸುತ್ತದೆ. ಇದರೊಳಗೆ ಫ್ರೀವೀಲ್ ಇರುವುದರಿಂದ ಮೋಟಾರು ನಿಂತಾಗ ಚಕ್ರ ಸರಾಗವಾಗಿ ಉರುಳುತ್ತದೆ. ತೂಕವೂ ಕಡಿಮೆ. ಹಲ್ಲುಚಕ್ರಗಳು ಕಾಲಾಂತರದಲ್ಲಿ ಸವೆಯುತ್ತವೆ, ಬ್ರೇಕಿನಿಂದ ವಿದ್ಯುತ್ತನ್ನು ಮರಳಿ ಪಡೆಯಲಾಗುವುದಿಲ್ಲ. ಕಡಿಮೆ ಶಕ್ತಿಯ ಎರಡು ಮೋಟಾರುಗಳನ್ನು ಜೋಡಿಸುವವರಿಗೆ ಗೇರುಳ್ಳ ಬಗೆಯೇ ಹೆಚ್ಚು ಹೊಂದುತ್ತದೆ.

ಉಭಯಚಕ್ರ ಚಾಲನೆಯ ತತ್ತ್ವ

ಚಕ್ರವೊಂದು ನೆಲವನ್ನು ಎಷ್ಟು ಬಲದಿಂದ ಹಿಂದಕ್ಕೆ ತಳ್ಳಬಲ್ಲದು ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಆ ಚಕ್ರದ ಮೇಲೆ ಬಿದ್ದಿರುವ ಭಾರ ಮತ್ತು ಟೈರು ಹಾಗೂ ನೆಲದ ನಡುವಿನ ಘರ್ಷಣೆ. ಮೋಟಾರು ಇದಕ್ಕಿಂತ ಹೆಚ್ಚು ಬಲ ಹಾಕಿದರೆ ಚಕ್ರ ಇದ್ದಲ್ಲಿಯೇ ಜಾರಿ ತಿರುಗುತ್ತದೆ. ಮಟ್ಟಸವಾದ ರಸ್ತೆಯಲ್ಲಿ ಸವಾರನೂ ಸೇರಿದ ಒಟ್ಟು ಭಾರದ ಸುಮಾರು 58 ಪಾಲು ಹಿಂದಿನ ಚಕ್ರದ ಮೇಲೆ, 42 ಪಾಲು ಮುಂದಿನದರ ಮೇಲೆ ಇದೆಯೆಂದು ಭಾವಿಸೋಣ. ಹಿಂದಿನ ಚಕ್ರ ಮಾತ್ರ ದುಡಿಯುವಾಗ ಉಳಿದ 42 ಪಾಲಿನ ಹಿಡಿತ ಬಳಕೆಯಾಗದೆ ಉಳಿಯುತ್ತದೆ.

ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ. ಗುರುತ್ವಕೇಂದ್ರದ ಎತ್ತರವೂ ಎರಡು ಚಕ್ರಗಳ ನಡುವಣ ಅಂತರವೂ ಹೆಚ್ಚುಕಡಿಮೆ ಸಮವಾಗಿದ್ದರೆ, ನೂರು ಅಡಿಗೆ ಹದಿನೈದು ಅಡಿ ಏರುವ ದಾರಿಯಲ್ಲಿ ಭಾರದ ಸುಮಾರು 15 ಪಾಲು ಮುಂದಿನಿಂದ ಹಿಂದಕ್ಕೆ ವರ್ಗವಾಗಿ, ಮುಂದೆ 27 ಮತ್ತು ಹಿಂದೆ 73 ಪಾಲು ಉಳಿಯುತ್ತದೆ. ಒಂದು ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ.

ಸವಾರ ಮತ್ತು ಸೈಕಲ್ಲು ಸೇರಿ 105 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅಂತಹ ಏರನ್ನು ಹತ್ತಲು ಸುಮಾರು 153 ನ್ಯೂಟನ್, ಒರಟು ನೆಲದ ಉರುಳು ತಡೆಯನ್ನು ಮೀರಲು ಸುಮಾರು 31 ನ್ಯೂಟನ್, ಒಟ್ಟು 184 ನ್ಯೂಟನ್ ಬಲ ಬೇಕು. ಸಡಿಲ ಜಲ್ಲಿಯ ಮೇಲೆ ಘರ್ಷಣಾಂಕ 0.2 ಎಂದಾದರೆ, ಹಿಂದಿನ ಚಕ್ರ ಜಾರದೆ ಕೊಡಬಲ್ಲ ಬಲ ಸುಮಾರು 149 ನ್ಯೂಟನ್ ಮಾತ್ರ. ಮೋಟಾರು ಎಷ್ಟೇ ದೊಡ್ಡದಿರಲಿ, ಹಿಂದಿನ ಚಕ್ರವೊಂದರಿಂದಲೇ ಈ ಏರು ಸಾಗುವುದಿಲ್ಲ. ಮುಂದಿನ ಚಕ್ರ ಇನ್ನೂ 55 ನ್ಯೂಟನ್ ಸೇರಿಸಬಲ್ಲದು. ಆಗ ಒಟ್ಟು 204 ನ್ಯೂಟನ್ ಲಭಿಸಿ ಸೈಕಲ್ಲು ಏರುತ್ತದೆ.

ಈ ಲೆಕ್ಕದಲ್ಲಿಯೇ ಇನ್ನೊಂದು ಪಾಠವಿದೆ. ಎರಡು ಮೋಟಾರುಗಳಿಗೂ ಸಮಪಾಲು ಹಂಚುವುದು ಸರಿಯಲ್ಲ. 184 ನ್ಯೂಟನ್‌ನ ನಾಲ್ಕನೆಯ ಒಂದು ಪಾಲನ್ನು ಸವಾರನೇ ತುಳಿದು ಕೊಟ್ಟರೆ ಮೋಟಾರುಗಳು 138 ನ್ಯೂಟನ್ ಕೊಡಬೇಕು. ಅದನ್ನು ಸಮವಾಗಿ ಹಂಚಿದರೆ ಮುಂದಿನ ಚಕ್ರಕ್ಕೆ 69 ನ್ಯೂಟನ್ ಬರುತ್ತದೆ. ಅದರ ಮಿತಿ 55 ಆದ್ದರಿಂದ ಅದು ಜಾರುತ್ತದೆ. ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಎಂದು ಹಂಚಿದರೆ ಮುಂದಿನದಕ್ಕೆ 46 ನ್ಯೂಟನ್, ಹಿಂದಿನದಕ್ಕೆ ಮೋಟಾರಿನ 92 ಮತ್ತು ಕಾಲಿನ 46 ಸೇರಿ 138 ನ್ಯೂಟನ್ ಆಗುತ್ತದೆ. ಎರಡೂ ತಮ್ಮ ಮಿತಿಯೊಳಗಿರುತ್ತವೆ. ಒಂದು ಎತ್ತು ಎಳೆಯದು, ಇನ್ನೊಂದು ಬಲಿತದ್ದು ಇದ್ದಾಗ ಭಾರವನ್ನು ನೋಡಿ ಹಂಚುವ ರೈತನ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಎರಡನೆಯ ಲಾಭ ಬಿಸಿಗೆ ಸಂಬಂಧಿಸಿದ್ದು. ಮೋಟಾರಿನ ತಾಮ್ರದ ಸುರುಳಿಯಲ್ಲಿ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಂದೇ ಮೋಟಾರು ಹೊರುವ ಪ್ರವಾಹವನ್ನು ಅಂತಹದೇ ಎರಡು ಮೋಟಾರುಗಳು ಸಮವಾಗಿ ಹಂಚಿಕೊಂಡರೆ ಒಟ್ಟು ಬಿಸಿ ಅರ್ಧಕ್ಕೆ ಇಳಿಯುತ್ತದೆ. ಒಂದಕ್ಕೆರಡರಂತೆ ಹಂಚಿದರೆ ಒಂಬತ್ತರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಬೇಸಿಗೆಯ ಉದ್ದನೆಯ ಏರುಗಳಲ್ಲಿ ಮೋಟಾರು ಸುಡದೆ ಉಳಿಯಲು ಇದು ಸಹಾಯಕ.

ಎರಡು ಚಕ್ರಗಳ ವೇಗವನ್ನು ಯಂತ್ರದ ಮೂಲಕ ಸರಿಹೊಂದಿಸುವ ಅಗತ್ಯವಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ದೂರ ಉರುಳುತ್ತದೆ. ಮೋಟಾರುಗಳು ಒಂದಕ್ಕೊಂದು ಕಟ್ಟಿಲ್ಲದ ಕಾರಣ ತಮ್ಮ ತಮ್ಮ ವೇಗದಲ್ಲಿ ತಿರುಗುತ್ತವೆ. ಅವೆರಡನ್ನೂ ಕೂಡಿಸಿರುವ ನೊಗವೆಂದರೆ ರಸ್ತೆಯೊಂದೇ. ಆದರೂ ಒಂದೇ ಮಾದರಿಯ ಮೋಟಾರುಗಳನ್ನು ಒಂದೇ ಅಳತೆಯ ಚಕ್ರಗಳಲ್ಲಿ ಬಳಸುವುದು ಒಳ್ಳೆಯದು. ಗರಿಷ್ಠ ವೇಗ ಬೇರೆ ಬೇರೆಯಾಗಿದ್ದರೆ, ವೇಗ ಹೆಚ್ಚಿದಂತೆ ನಿಧಾನದ ಮೋಟಾರು ಕೈಬಿಟ್ಟು ಎಲ್ಲ ಭಾರವೂ ಇನ್ನೊಂದರ ಮೇಲೆ ಬೀಳುತ್ತದೆ.

ಹೆಚ್ಚಾಗದ ಸಂಗತಿಗಳು

ಹಬ್ ಮೋಟಾರಿನ ಗರಿಷ್ಠ ವೇಗವನ್ನು ಬ್ಯಾಟರಿಯ ವೋಲ್ಟೇಜು, ಮೋಟಾರಿನ ಸುರುಳಿಯ ಸುತ್ತುಗಳು ಮತ್ತು ಚಕ್ರದ ಅಳತೆ ನಿರ್ಧರಿಸುತ್ತವೆ. ಇನ್ನೊಂದು ಮೋಟಾರನ್ನು ಸೇರಿಸಿದರೆ ಆ ವೇಗವನ್ನು ಬೇಗ ಮುಟ್ಟಬಹುದೇ ಹೊರತು ದಾಟಲಾಗದು. ದೂರದ ವಿಷಯವೂ ಹಾಗೆಯೇ. ಎರಡು ಮೋಟಾರುಗಳೂ ಒಂದೇ ಬ್ಯಾಟರಿಯಿಂದ ಉಣ್ಣುತ್ತವೆ. ಮಟ್ಟಸವಾದ ಟಾರು ರಸ್ತೆಯಲ್ಲಿ ಎರಡನೆಯ ಮೋಟಾರು ಹೆಚ್ಚಿನ ತೂಕವಷ್ಟೇ.

ಸೈಕಲ್ಲಿನ ಆಯ್ಕೆ

ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುವ ಕಪ್ಪು ಬಣ್ಣದ ದೊಡ್ಡ ಸೈಕಲ್ಲು ಗಟ್ಟಿಮುಟ್ಟಾದುದು. ಆದರೆ ಈ ಕೆಲಸಕ್ಕೆ ಅದರಲ್ಲಿ ಮೂರು ತೊಡಕುಗಳಿವೆ. ಅದರ ರಿಮ್ಮುಗಳಲ್ಲಿ ಸಾಂಪ್ರದಾಯಿಕವಾಗಿ ಮುಂದೆ 32, ಹಿಂದೆ 40 ಕಡ್ಡಿಗಳ ತೂತುಗಳಿರುತ್ತವೆ. ಹಬ್ ಮೋಟಾರುಗಳು ಸಾಮಾನ್ಯವಾಗಿ 36 ತೂತುಗಳವು. ಅದರ ಕಂಬಿ ಬ್ರೇಕಿಗೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚನ್ನು ಜೋಡಿಸುವುದು ಕಷ್ಟ. ಅದರ ಫೋರ್ಕಿನ ತುದಿಗಳ ನಡುವಣ ಅಂತರವೂ ಮೋಟಾರಿಗೆ ಕಿರಿದು. ಹಬ್ ಮೋಟಾರುಗಳು ಸಾಮಾನ್ಯವಾಗಿ ಮುಂದೆ 100 ಮಿಲಿಮೀಟರ್ ಮತ್ತು ಹಿಂದೆ 135 ಮಿಲಿಮೀಟರ್ ಅಂತರಕ್ಕೆ ತಯಾರಾಗಿರುತ್ತವೆ.

ಆದ್ದರಿಂದ 26 ಅಂಗುಲದ ಚಕ್ರ, ದಪ್ಪ ಟೈರು, ಉಕ್ಕಿನ ಚೌಕಟ್ಟು ಮತ್ತು ಉಕ್ಕಿನ ಬಿಗಿ ಫೋರ್ಕು ಇರುವ ಸೈಕಲ್ಲು ಸೂಕ್ತ. ಸ್ಪ್ರಿಂಗ್ ಇರುವ ಫೋರ್ಕುಗಳ ತುದಿಗಳು ಹಲವೊಮ್ಮೆ ಎರಕದ ಮಿಶ್ರಲೋಹದವು. ಉಕ್ಕು ಮೊದಲು ಬಾಗಿ ಎಚ್ಚರಿಸುತ್ತದೆ. ಎರಕದ ಲೋಹ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಓಡುತ್ತಿರುವಾಗ ಮುಂದಿನ ಚಕ್ರ ಕಳಚಿದರೆ ಸವಾರನಿಗೆ ತಪ್ಪಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಜೋಡಣೆ

ಚಕ್ರ ಮತ್ತು ಟಾರ್ಕ್ ಆರ್ಮ್: ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲದಿಂದ ಆಕ್ಸಲ್ಲನ್ನು ಹಿಂದಕ್ಕೆ ತಿರುಗಿಸಲು ಯತ್ನಿಸುತ್ತದೆ. ಇದನ್ನು ತಡೆಯಲು ಆಕ್ಸಲ್ಲಿನ ಎರಡು ಬದಿಗಳನ್ನು ಚಪ್ಪಟೆಯಾಗಿಸಿರುತ್ತಾರೆ. 20 ನ್ಯೂಟನ್-ಮೀಟರಿನ ತಿರುಗುಬಲ 10 ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ಒತ್ತಿದರೆ ಫೋರ್ಕಿನ ತುದಿಯ ಮೇಲೆ ಬೀಳುವ ಬಲ ಸುಮಾರು 2,000 ನ್ಯೂಟನ್, ಅಂದರೆ ಎರಡು ಕ್ವಿಂಟಾಲ್ ತೂಕಕ್ಕೆ ಸಮ. ತೆಳುವಾದ ತುದಿಗಳು ಇದನ್ನು ತಾಳದೆ ಅಗಲವಾಗುತ್ತವೆ. ಆಗ ಆಕ್ಸಲ್ ಗಿರ್ರನೆ ತಿರುಗಿ ವೈರುಗಳನ್ನು ಕತ್ತರಿಸಿ ಚಕ್ರವನ್ನೇ ಹೊರಕ್ಕೆ ಎಸೆಯಬಹುದು. ಆಕ್ಸಲ್ಲಿನ ಚಪ್ಪಟೆ ಭಾಗವನ್ನು ಹಿಡಿದು ಇನ್ನೊಂದು ತುದಿಯಲ್ಲಿ ಫೋರ್ಕಿನ ಕಾಲಿಗೆ ಬಿಗಿಯುವ ಉಕ್ಕಿನ ಪಟ್ಟಿಯೇ ಟಾರ್ಕ್ ಆರ್ಮ್. ಉಭಯಚಕ್ರ ಚಾಲನೆಯಲ್ಲಿ ಎರಡೂ ಚಕ್ರಗಳಿಗೆ ಇದು ಬೇಕು. ಮುಂದಿನದಕ್ಕಂತೂ ಕಡ್ಡಾಯವೆಂದೇ ಭಾವಿಸಬೇಕು. ನಟ್ಟಿನ ಕೆಳಗಿನ ವಾಷರು ಫೋರ್ಕಿನ ಮುಖಕ್ಕೆ ಪೂರ್ತಿ ಕೂರಬೇಕು. ಫೋರ್ಕಿನ ತುದಿಯಲ್ಲಿ ತಗ್ಗಿದ್ದರೆ ಅದರೊಳಗೆ ಕೂರುವ ಅಳತೆಯ ವಾಷರನ್ನೇ ಹಾಕಬೇಕು.

ತಿರುಗುವ ದಿಕ್ಕು: ಗೇರುಳ್ಳ ಮೋಟಾರು ಒಂದೇ ದಿಕ್ಕಿನಲ್ಲಿ ಬಲ ಕೊಡುತ್ತದೆ. ಚಕ್ರವನ್ನು ತಿರುವುಮುರುವಾಗಿ ಹಾಕಿದರೆ ಮೋಟಾರು ತಿರುಗಿದರೂ ಸೈಕಲ್ಲು ಮುಂದಕ್ಕೆ ಸಾಗದು. ಆದ್ದರಿಂದ ನಟ್ಟು ಬಿಗಿಯುವ ಮೊದಲೇ ದಿಕ್ಕಿನ ಗುರುತನ್ನು ನೋಡಿಕೊಳ್ಳಬೇಕು. ವೈರು ಆಕ್ಸಲ್ಲಿನಿಂದ ಹೊರಬಂದ ಕೂಡಲೇ ಸ್ವಲ್ಪ ಕೆಳಕ್ಕೆ ಬಾಗಿ ಅನಂತರ ಮೇಲೇರಬೇಕು. ಹೀಗಿದ್ದರೆ ಮಳೆಯ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಮೋಟಾರಿನೊಳಕ್ಕೆ ಇಳಿಯುವುದಿಲ್ಲ.

ಬ್ಯಾಟರಿ: ಸಾಮಾನ್ಯವಾಗಿ ಬಳಸುವ 36 ವೋಲ್ಟಿನ ಲಿಥಿಯಮ್-ಅಯಾನ್ ಬ್ಯಾಟರಿಯಲ್ಲಿ ಹತ್ತು ಕೋಶಗಳ ಸಾಲಿದ್ದು, ಪೂರ್ಣ ಚಾರ್ಜಾದಾಗ 42 ವೋಲ್ಟ್ ಇರುತ್ತದೆ. 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಸವಾರನೂ ತುಳಿಯುತ್ತಿದ್ದು ಕಿಲೋಮೀಟರಿಗೆ 10ರಿಂದ 15 ವಾಟ್-ಗಂಟೆ ಖರ್ಚಾದರೆ 24ರಿಂದ 36 ಕಿಲೋಮೀಟರ್ ದೂರ ಸಾಗಬಹುದು. ಎರಡು ಕಂಟ್ರೋಲರುಗಳು ಎಳೆಯುವ ಪ್ರವಾಹವನ್ನು ಕೂಡಿಸಿಯೇ ಬ್ಯಾಟರಿಯ ರಕ್ಷಣಾ ಮಂಡಲವನ್ನೂ ಫ್ಯೂಸನ್ನೂ ಆರಿಸಬೇಕು. ಪ್ರತಿ ಕಂಟ್ರೋಲರಿಗೂ ಬೇರೆ ಫ್ಯೂಸ್ ಇದ್ದರೆ ಒಂದು ಕೆಟ್ಟಾಗಲೂ ಇನ್ನೊಂದರಿಂದ ಮನೆ ಸೇರಬಹುದು. ಎರಡು ಬೇರೆ ಬೇರೆ ಬ್ಯಾಟರಿಗಳನ್ನು, ಅದರಲ್ಲಿಯೂ ಒಂದು ಹಳೆಯದು ಒಂದು ಹೊಸದನ್ನು, ನೇರವಾಗಿ ಒಂದಕ್ಕೊಂದು ಜೋಡಿಸುವುದು ಅಪಾಯಕರ. ವೋಲ್ಟೇಜಿನ ವ್ಯತ್ಯಾಸದಿಂದ ಒಂದರಿಂದ ಇನ್ನೊಂದಕ್ಕೆ ಮಿತಿಮೀರಿದ ಪ್ರವಾಹ ಹರಿದು ಬೆಂಕಿ ಹೊತ್ತಿಕೊಳ್ಳಬಹುದು.

ಕಂಟ್ರೋಲರುಗಳು: ಪ್ರತಿ ಮೋಟಾರಿಗೂ ಪ್ರತ್ಯೇಕ ಕಂಟ್ರೋಲರ್ ಬೇಕು. ಒಂದೇ ಕಂಟ್ರೋಲರಿಗೆ ಎರಡು ಮೋಟಾರುಗಳನ್ನು ಜೋಡಿಸಬಾರದು. ಪ್ರತಿ ಮೋಟಾರಿನ ಅಯಸ್ಕಾಂತಗಳು ಆಯಾ ಕ್ಷಣಕ್ಕೆ ಎಲ್ಲಿವೆ ಎಂಬುದನ್ನು ತಿಳಿದೇ ಕಂಟ್ರೋಲರ್ ಸುರುಳಿಗಳಿಗೆ ವಿದ್ಯುತ್ತನ್ನು ಹರಿಸುತ್ತದೆ. ಎರಡು ಚಕ್ರಗಳ ಅಯಸ್ಕಾಂತಗಳು ಸದಾ ಒಂದೇ ಸ್ಥಾನದಲ್ಲಿ ಇರುವುದಿಲ್ಲ.

ಥ್ರಾಟಲ್ ಮತ್ತು ಪೆಡಲ್ ಸಂವೇದಕ: ಒಂದೇ ಥ್ರಾಟಲ್ಲಿನಿಂದ ಎರಡು ಕಂಟ್ರೋಲರುಗಳನ್ನೂ ನಡೆಸಬಹುದು. ಥ್ರಾಟಲ್ಲಿಗೆ ಬರುವ ಮೂರು ವೈರುಗಳಲ್ಲಿ 5 ವೋಲ್ಟಿನ ವೈರನ್ನು ಒಂದು ಕಂಟ್ರೋಲರಿನಿಂದ ಮಾತ್ರ ತೆಗೆದುಕೊಳ್ಳಬೇಕು. ಎರಡರ 5 ವೋಲ್ಟ್ ವೈರುಗಳನ್ನು ಕೂಡಿಸಬಾರದು. ಸಂಕೇತದ ವೈರನ್ನು ಎರಡಕ್ಕೂ ಕೊಡಬೇಕು. ಎರಡು ಕಂಟ್ರೋಲರುಗಳ ಋಣ ವೈರುಗಳು ದಪ್ಪ ವೈರಿನ ಮೂಲಕ ಬ್ಯಾಟರಿಯಲ್ಲಿಯೇ ಸೇರಿರಬೇಕು. ಆ ಜೋಡಣೆ ಸಡಿಲವಾದರೆ ಮೋಟಾರಿನ ದೊಡ್ಡ ಪ್ರವಾಹ ಸಂಕೇತದ ಸಣ್ಣ ವೈರುಗಳಲ್ಲಿ ಹರಿದು ಅವುಗಳನ್ನು ಸುಡಬಲ್ಲದು. ಪೆಡಲ್ ಸಂವೇದಕದ ಜೋಡಣೆಗೂ ಇದೇ ನಿಯಮ.

ಬ್ರೇಕ್ ಸ್ವಿಚ್ಚುಗಳು: ಎಡಗೈಯ ಬ್ರೇಕಾಗಲಿ ಬಲಗೈಯ ಬ್ರೇಕಾಗಲಿ, ಯಾವುದನ್ನು ಹಿಡಿದರೂ ಎರಡು ಮೋಟಾರುಗಳೂ ನಿಲ್ಲಬೇಕು. ಹಿಂದಿನ ಮೋಟಾರು ನಿಂತು ಮುಂದಿನದು ಎಳೆಯುತ್ತಲೇ ಇದ್ದರೆ ಸೈಕಲ್ಲು ಸವಾರನ ಹತೋಟಿ ತಪ್ಪುತ್ತದೆ.

ಮುಂದಿನ ಮೋಟಾರಿನ ಸ್ವಿಚ್: ಹ್ಯಾಂಡಲ್ಲಿನ ಮೇಲೆ ಮುಂದಿನ ಮೋಟಾರಿಗೆಂದೇ ಒಂದು ಸ್ವಿಚ್ ಇರಿಸುವುದು ಒಳ್ಳೆಯ ಪದ್ಧತಿ. ಟಾರು ರಸ್ತೆಯಲ್ಲಿ ಅದನ್ನು ಆರಿಸಿ, ಮರಳು ಮತ್ತು ಏರು ಬಂದಾಗ ಹಾಕಿಕೊಳ್ಳಬಹುದು. ಮರಳಿನ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿ ಥ್ರಾಟಲ್ ಕೊಟ್ಟರೆ ಮುಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ಹಿಂದಿನ ಚಕ್ರ ಜಾರಿದಾಗ ಸವಾರ ಕಾಲು ಊರಿ ನಿಲ್ಲಬಹುದು. ಮುಂದಿನದು ಜಾರಿದರೆ ಬೀಳುವುದೇ ಹೆಚ್ಚು.

ಮೊದಲ ಪರೀಕ್ಷೆ

ಜೋಡಣೆ ಮುಗಿದ ಕೂಡಲೇ ಹತ್ತಿ ಓಡಿಸಬಾರದು. ಪರೀಕ್ಷೆಯ ಕ್ರಮ ಹೀಗಿದೆ.

1. ಎರಡು ಚಕ್ರಗಳೂ ನೆಲಕ್ಕೆ ತಾಗದಂತೆ ಸೈಕಲ್ಲನ್ನು ಎತ್ತಿ ನಿಲ್ಲಿಸಬೇಕು.
2. ಹಿಂದಿನ ಮೋಟಾರನ್ನು ಮಾತ್ರ ನಡೆಸಿ ದಿಕ್ಕು ಮತ್ತು ಸದ್ದನ್ನು ಗಮನಿಸಬೇಕು. ಅನಂತರ ಮುಂದಿನದನ್ನು ಮಾತ್ರ ನಡೆಸಬೇಕು.
3. ಎರಡನ್ನೂ ಒಟ್ಟಿಗೆ ನಡೆಸಿ, ಪ್ರತಿಯೊಂದು ಬ್ರೇಕನ್ನೂ ಬೇರೆ ಬೇರೆಯಾಗಿ ಹಿಡಿದು ಎರಡೂ ನಿಲ್ಲುತ್ತವೆಯೇ ಎಂದು ನೋಡಬೇಕು.
4. ಥ್ರಾಟಲ್ ಬಿಟ್ಟ ಕೂಡಲೇ ಶೂನ್ಯಕ್ಕೆ ಮರಳುತ್ತದೆಯೇ ಎಂದು ಹತ್ತಾರು ಬಾರಿ ಪರೀಕ್ಷಿಸಬೇಕು.
5. ಜನಸಂಚಾರವಿಲ್ಲದ ಬಯಲಿನಲ್ಲಿ ನಿಧಾನವಾಗಿ ಓಡಿಸಿ, ಮೋಟಾರು, ಕಂಟ್ರೋಲರ್ ಮತ್ತು ವೈರಿನ ಕೊಂಡಿಗಳ ಬಿಸಿಯನ್ನು ನೋಡಬೇಕು.
6. ಮೊದಲ ಹತ್ತು ಕಿಲೋಮೀಟರಿನ ಬಳಿಕ ಆಕ್ಸಲ್ ನಟ್ಟು, ಟಾರ್ಕ್ ಆರ್ಮ್ ಮತ್ತು ಕಡ್ಡಿಗಳನ್ನು ಮತ್ತೆ ಬಿಗಿಗೊಳಿಸಬೇಕು.

ಕಾನೂನಿನ ಮಿತಿ

ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ, ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವಾಟಿಗಿಂತ ಕಡಿಮೆ ಮತ್ತು ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ, ಬ್ಯಾಟರಿಯನ್ನು ಬಿಟ್ಟು 60 ಕಿಲೋಗ್ರಾಂ ಮೀರದ ವಾಹನವನ್ನು, ನಿಗದಿತ ಪರೀಕ್ಷಾ ಸಂಸ್ಥೆಯ ಅನುಮೋದನೆಗೆ ಒಳಪಟ್ಟು, ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ತಕ್ಕ ಬ್ರೇಕುಗಳು, ಮುಂದೆ ಬಿಳಿಯ ಮತ್ತು ಹಿಂದೆ ಕೆಂಪು ಪ್ರತಿಫಲಕಗಳು ಇರಬೇಕು. ಪೆಡಲ್ ನೆರವಿನ ಸೈಕಲ್ಲಿನಲ್ಲಿ ವೇಗ ಹೆಚ್ಚಿದಂತೆ ಮೋಟಾರಿನ ನೆರವು ತಗ್ಗುತ್ತ ಬಂದು 25 ಕಿಲೋಮೀಟರಿನಲ್ಲಿ, ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕೂ ಮೊದಲೇ, ನಿಲ್ಲಬೇಕು. ಈ ಮಿತಿಯೊಳಗಿನ ವಾಹನಕ್ಕೆ ನೋಂದಣಿಯೂ ಚಾಲನಾ ಪರವಾನಗಿಯೂ ಬೇಕಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುಲು ಸಂಸ್ಥೆಯ ಬಾಡಿಗೆಯ ಕಡಿಮೆ ವೇಗದ ವಿದ್ಯುತ್ ವಾಹನಗಳು ಪರವಾನಗಿಯಿಲ್ಲದೆ ಓಡುವುದು ಈ ನಿಯಮದ ಆಧಾರದಿಂದಲೇ.

ಎರಡು ಮೋಟಾರುಗಳನ್ನು ಜೋಡಿಸುವವರು ಎಡವುವುದು ಇಲ್ಲಿ. ತಲಾ 250 ವಾಟಿನ ಎರಡು ಮೋಟಾರುಗಳು ಸೇರಿದರೆ 500 ವಾಟ್ ಆಗುತ್ತದೆ. ಮಿತಿಯನ್ನು ವಾಹನದ ಒಟ್ಟು ಶಕ್ತಿಗೆ ಅನ್ವಯಿಸಿಕೊಂಡು ನಡೆಯುವುದೇ ಕ್ಷೇಮ. ಕಂಟ್ರೋಲರುಗಳಲ್ಲಿ ಪ್ರವಾಹದ ಮಿತಿಯನ್ನು ಮುಂದೆ 2.5 ಆಂಪಿಯರ್, ಹಿಂದೆ 5 ಆಂಪಿಯರ್ ಎಂದು ನಿಗದಿಪಡಿಸಿದರೆ 36 ವೋಲ್ಟಿನಲ್ಲಿ ಒಟ್ಟು 270 ವಾಟ್ ಬ್ಯಾಟರಿಯಿಂದ ಹೊರಡುತ್ತದೆ. ದಕ್ಷತೆ ನೂರಕ್ಕೆ 80 ಎಂದುಕೊಂಡರೆ ಚಕ್ರಗಳಿಗೆ ಸಿಗುವುದು 216 ವಾಟ್. ಹೀಗೆ ಹಿಡಿತಕ್ಕೆ ಬೇಕಾದ ಒಂದಕ್ಕೆರಡರ ಹಂಚಿಕೆಯೂ ಶಕ್ತಿಯ ಮಿತಿಯೂ ಒಟ್ಟಿಗೆ ಸಾಧಿಸುತ್ತವೆ. ಆದರೆ ಮನೆಯಲ್ಲಿ ಮಾಡಿದ ಈ ಹೊಂದಾಣಿಕೆ ಪರೀಕ್ಷಾ ಸಂಸ್ಥೆಯ ಅನುಮೋದನೆಗೆ ಬದಲಿಯಲ್ಲ. ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ಅನುಮೋದಿತ ಸಾಮಗ್ರಿ ಬೇಕು.

ಮಿತಿ ದಾಟಿದ ಸೈಕಲ್ಲು ಕಾನೂನಿನ ದೃಷ್ಟಿಯಲ್ಲಿ ನೋಂದಣಿ ಮತ್ತು ವಿಮೆ ಇಲ್ಲದ ಮೋಟಾರು ವಾಹನ. ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನ ಮೇಲೆಯೇ ಬೀಳುತ್ತದೆ. ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ವಿತರಿಸಲಾಯಿತು. ಅಂತಹ ಸೈಕಲ್ಲಿಗೆ ಮನೆಯ ಹಿರಿಯರು ಪ್ರೀತಿಯಿಂದ ಎರಡು ದೊಡ್ಡ ಮೋಟಾರುಗಳನ್ನು ಕಟ್ಟಿಸಿಕೊಟ್ಟರೆ, ಹದಿಮೂರು ಹದಿನಾಲ್ಕರ ಆ ಮಗು ಪರವಾನಗಿಯಿಲ್ಲದ ಚಾಲಕನಾಗುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಪ್ರಕರಣದ ಪ್ರಕಾರ, ಅಪ್ರಾಪ್ತ ವಯಸ್ಕರು ಮೋಟಾರು ವಾಹನ ಓಡಿಸಿ ಎಸಗಿದ ಅಪರಾಧಕ್ಕೆ ಪೋಷಕರು ಅಥವಾ ಮಾಲೀಕರು 25,000 ರೂಪಾಯಿ ದಂಡಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದು.

ಒಣನಾಡಿನಲ್ಲಿ ಬಳಕೆ

ಈ ಬಗೆಯ ಸೈಕಲ್ಲಿನ ಗುಣದೋಷಗಳನ್ನು ಅಳೆಯಲು ತುಮಕೂರು ಜಿಲ್ಲೆಯ ಉತ್ತರ ಭಾಗ ಒಳ್ಳೆಯ ಉದಾಹರಣೆ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿ ಹಾಗೂ ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಡಿಮೆ ಮಳೆಯ, ಕಲ್ಲುಗುಡ್ಡಗಳ ಸೀಮೆ. ಶಿರಾದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಂತಹ ನುಣುಪಾದ ರಸ್ತೆಯಲ್ಲಿ ಎರಡನೆಯ ಮೋಟಾರಿಗೆ ಕೆಲಸವಿಲ್ಲ. ಮಳೆಗಾಲದ ಹೊರತು ಒಣಗಿರುವ ಜಯಮಂಗಲಿ ನದಿಯ ಮರಳು, ಕಡಲೆಕಾಯಿ ಹೊಲಗಳ ನಡುವಿನ ಗಾಡಿ ಜಾಡು, ಕೆರೆ ಏರಿಗೆ ಹತ್ತುವ ಚಿಕ್ಕ ಚೊಕ್ಕ ಏರು, ಗುಡ್ಡದ ತಪ್ಪಲಿನ ಸಡಿಲ ಜಲ್ಲಿ, ಇಲ್ಲಿ ಅದರ ಪ್ರಯೋಜನ ಕಾಣುತ್ತದೆ. ಸಡಿಲ ಮರಳಿನಲ್ಲಿ ಉರುಳು ತಡೆ ಟಾರು ರಸ್ತೆಯಲ್ಲಿರುವುದರ ಹತ್ತು ಪಟ್ಟಾಗಬಹುದು. ಮುಂದಿನ ಚಕ್ರ ಹೂತುಕೊಂಡು ತಡೆಯಾಗುವ ಬದಲು ತಾನೂ ಎಳೆದರೆ ಸವಾರ ಇಳಿದು ತಳ್ಳುವುದು ತಪ್ಪುತ್ತದೆ.

ಈ ಸೀಮೆಯಲ್ಲಿ ಹಬ್ ಮೋಟಾರಿನ ದೊಡ್ಡ ಶತ್ರು ಜಾಲಿಯ ಮುಳ್ಳು. ಬಳ್ಳಾರಿ ಜಾಲಿಯ ಪೊದೆಗಳು ದಾರಿಯ ಇಕ್ಕೆಲಗಳಲ್ಲಿಯೂ ಹಬ್ಬಿವೆ. ಸಾಧಾರಣ ಸೈಕಲ್ಲಿನಲ್ಲಿ ಮುಂದಿನ ಚಕ್ರವನ್ನು ಕಳಚಿ ಪಂಕ್ಚರ್ ಹಾಕುವುದು ಕೆಲವೇ ನಿಮಿಷಗಳ ಕೆಲಸ. ಎರಡು ಮೋಟಾರುಗಳಿರುವಾಗ ಯಾವ ಚಕ್ರವನ್ನು ಕಳಚಬೇಕಾದರೂ ವೈರು, ಟಾರ್ಕ್ ಆರ್ಮ್, ವಾಷರುಗಳನ್ನೆಲ್ಲ ಬಿಚ್ಚಬೇಕಾಗುತ್ತದೆ. ಆದ್ದರಿಂದ ಮೋಟಾರಿನ ಬಳಿಯೇ ಬಿಡಿಸಬಹುದಾದ ನೀರುನಿರೋಧಕ ಕೊಂಡಿ, ಒಳಗೆ ಮುಳ್ಳು ತಡೆಯುವ ಪಟ್ಟಿ, ದಪ್ಪ ಟ್ಯೂಬು ಹಾಗೂ ನಟ್ಟಿನ ಅಳತೆಯ ಸ್ಪ್ಯಾನರನ್ನು ಸದಾ ಇಟ್ಟುಕೊಳ್ಳುವುದು ಅವಶ್ಯ. ಚಕ್ರವನ್ನು ಕಳಚದೆಯೇ ಟ್ಯೂಬಿನ ಮುಳ್ಳು ತಗುಲಿದ ಭಾಗವನ್ನಷ್ಟೇ ಹೊರಗೆಳೆದು ತೇಪೆ ಹಾಕುವ ಹಳೆಯ ಪದ್ಧತಿ ಇಲ್ಲಿ ಬಹಳ ಉಪಕಾರಿ.

ಚಾರ್ಜು ಮಾಡಲು ದೊಡ್ಡ ವ್ಯವಸ್ಥೆ ಬೇಕಿಲ್ಲ. 360 ವಾಟ್-ಗಂಟೆಯ ಬ್ಯಾಟರಿ ತುಂಬಲು ನಷ್ಟವೂ ಸೇರಿ ಅರ್ಧ ಯೂನಿಟ್ಟಿಗೂ ಕಡಿಮೆ ವಿದ್ಯುತ್ ಸಾಕು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿರುವುದು ಈ ಸೀಮೆಯ ಬಿಸಿಲಿಗೆ ಸಾಕ್ಷಿ. ಮನೆಯ ಮೇಲಿನ 100 ವಾಟಿನ ಒಂದು ಸೌರ ಫಲಕ, ದಿನಕ್ಕೆ ಐದು ಗಂಟೆಗಳ ಒಳ್ಳೆಯ ಬಿಸಿಲಿನಲ್ಲಿ, ನಷ್ಟ ಕಳೆದು ಈ ಬ್ಯಾಟರಿಯನ್ನು ಹೆಚ್ಚುಕಡಿಮೆ ತುಂಬಬಲ್ಲದು. ಅದಕ್ಕೆ ಬ್ಯಾಟರಿಯ ಬಗೆಗೆ ಹೊಂದುವ ಚಾರ್ಜ್ ನಿಯಂತ್ರಕ ಬೇಕು. ಆದರೆ ಬ್ಯಾಟರಿಯನ್ನು ಮಾತ್ರ ಬಿಸಿಲಿನಲ್ಲಿ ಇಡಬಾರದು. ಬಿಸಿಲಿನಲ್ಲಿ ಓಡಿಸಿ ತಂದ ಬ್ಯಾಟರಿಯನ್ನು ನೆರಳಿನಲ್ಲಿ ತಣಿಸಿ, ಅನಂತರ ಜನ ಮಲಗದ, ಹುಲ್ಲು ಸೌದೆಗಳಿಲ್ಲದ ಜಾಗದಲ್ಲಿ ಚಾರ್ಜಿಗೆ ಇಡಬೇಕು.

ನಿರ್ವಹಣೆ

ವಾರಕ್ಕೊಮ್ಮೆ ಆಕ್ಸಲ್ ನಟ್ಟುಗಳನ್ನೂ ಟಾರ್ಕ್ ಆರ್ಮ್‌ಗಳನ್ನೂ ಪರೀಕ್ಷಿಸಬೇಕು. ನಟ್ಟಿನ ಮೇಲೂ ಫೋರ್ಕಿನ ಮೇಲೂ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ತಪ್ಪಿದ ಕೂಡಲೇ ನಟ್ಟು ಸಡಿಲವಾಗಿದೆ ಎಂದು ಗೊತ್ತಾಗುತ್ತದೆ. ಮೋಟಾರು ಚಕ್ರದ ಕಡ್ಡಿಗಳು ಮೊದಲ ತಿಂಗಳಲ್ಲಿ ಸಡಿಲವಾಗುವುದು ಸಹಜ; ಸೈಕಲ್ ಶಾಪಿನಲ್ಲಿ ಬೆಂಡು ತೆಗೆಸಬೇಕು. ವೈರುಗಳ ಕೊಂಡಿಗಳು ಕಪ್ಪಾಗಿದ್ದರೆ ಅಥವಾ ಕರಗಿದಂತಿದ್ದರೆ ಬದಲಾಯಿಸಬೇಕು. ನೀರು ರಭಸವಾಗಿ ಹಾಯಿಸಿ ಹಬ್‌ಗಳನ್ನು ತೊಳೆಯಬಾರದು.

ಮಿತಿಗಳು

ಎರಡು ಮೋಟಾರುಗಳೆಂದರೆ ಎರಡು ಕಂಟ್ರೋಲರುಗಳು, ಹೆಚ್ಚು ವೈರುಗಳು, ಹೆಚ್ಚು ವೆಚ್ಚ ಮತ್ತು ಕೆಡಬಹುದಾದ ಹೆಚ್ಚು ಸ್ಥಾನಗಳು. ಮುಂದಿನ ಚಕ್ರ ಭಾರವಾಗುವುದರಿಂದ ಹ್ಯಾಂಡಲ್ ತಿರುಗಿಸುವುದೂ ಸೈಕಲ್ಲನ್ನು ಎತ್ತಿ ಮೆಟ್ಟಿಲು ಹತ್ತಿಸುವುದೂ ಪ್ರಯಾಸದ ಕೆಲಸ. ದಿನನಿತ್ಯದ ದಾರಿ ಟಾರಿನದಾಗಿದ್ದರೆ ಹಿಂದಿನ ಚಕ್ರದ ಗೇರುಳ್ಳ ಒಂದೇ ಮೋಟಾರು ಸಾಕು, ಅದೇ ಲೇಸು. ದಾರಿಯಲ್ಲಿ ಮರಳು, ಜಲ್ಲಿ, ಕಡಿದಾದ ಏರು ನಿತ್ಯವೂ ಎದುರಾಗುವವರಿಗೆ ಮಾತ್ರ ಎರಡನೆಯ ಮೋಟಾರು ತನ್ನ ಭಾರಕ್ಕೆ ತಕ್ಕ ಕೂಲಿ ಮಾಡುತ್ತದೆ. ಅಲ್ಲಿಯೂ ಅದರ ಗುಣ ಹೊರಹೊಮ್ಮುವುದು ಮೋಟಾರುಗಳ ದೊಡ್ಡತನದಿಂದಲ್ಲ. ಶಕ್ತಿಯ ಸರಿಯಾದ ಹಂಚಿಕೆ, ಗಟ್ಟಿಯಾದ ಟಾರ್ಕ್ ಆರ್ಮ್ ಮತ್ತು ಎರಡನ್ನೂ ಒಟ್ಟಿಗೆ ನಿಲ್ಲಿಸುವ ಬ್ರೇಕಿನಿಂದ.